ಬೇಲಿ ಹಾಕಿದ ದಿನ ಯಾವುದು? 14 ಗುಂಟೆ ಜಮೀನಿನ ಒಂದು ಪ್ರಕರಣ

ಆ ಅಜ್ಜಿ ಮಗಳ ಜೊತೆ ನನ್ನ ವಕೀಲಿ ಆಫೀಸಿಗೆ ಮೊದಲ ಸಲ ಬಂದದ್ದು 2020ರ ಫೆಬ್ರುವರಿಯಲ್ಲಿ. ಕೈಯಲ್ಲಿ ಒಂದು ಬಟ್ಟೆ ಚೀಲ, ಅದರ ತುಂಬ ಕಾಗದ. ಪೊಲೀಸ್ ಠಾಣೆಯ ಹಿಂಬರಹ, ಹದ್ದುಬಸ್ತಿನ (ಗಡಿ ಅಳತೆಯ) ಅರ್ಜಿ, ಸರ್ವೆ ನಕ್ಷೆ, ತಹಶೀಲ್ದಾರರಿಗೆ ಕೊಟ್ಟ ಮನವಿಗಳು, ಉಪವಿಭಾಗಾಧಿಕಾರಿಗಳ ಆದೇಶ. ಹನ್ನೊಂದು ವರ್ಷಕ್ಕೂ ಜಾಸ್ತಿ ಅಲೆದದ್ದರ ಗುರುತೆಲ್ಲ ಅದರಲ್ಲಿತ್ತು. ಒಂದು ಕಾಗದ ಮಾತ್ರ ಇರಲಿಲ್ಲ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದ ಕಾಗದ.

"ಬೇಲಿ ಹಾಕಿದ್ದು ಯಾವಾಗ ಅಜ್ಜಿ?" ಅಂತ ಕೇಳಿದೆ.

"ದೊಡ್ಡ ಮೊಮ್ಮಗಳು ಹುಟ್ಟಿದ ವರ್ಷ ಕಣಪ್ಪ. ಮುಂಗಾರು ಇನ್ನೂ ಹಿಡಿದಿರಲಿಲ್ಲ" ಅಂದರು.

ಮೊಮ್ಮಗಳು ಹುಟ್ಟಿದ್ದು 2008ರಲ್ಲಿ. ಬೇರೆಯವರು ಹಿಡಿದುಕೊಂಡ ಜಮೀನನ್ನು ಬಿಡಿಸಿಕೊಳ್ಳಲು ದಾವೆ ಹಾಕುವುದಕ್ಕೆ ಕಾನೂನಿನ ಮಿತಿ ಹನ್ನೆರಡು ವರ್ಷ. 2008ಕ್ಕೆ ಹನ್ನೆರಡು ಕೂಡಿಸಿದೆ. 2020. ಮುಂಗಾರಿಗೆ ಇನ್ನು ಮೂರೂವರೆ ತಿಂಗಳು. ಅಷ್ಟರೊಳಗೆ ದಾವೆ ಬೀಳದಿದ್ದರೆ ಈ ಚೀಲದಲ್ಲಿ ಎಷ್ಟು ಕಾಗದ ಇದ್ದರೂ ಪ್ರಯೋಜನ ಇರಲಿಲ್ಲ.

ಈ ಪ್ರಕರಣವನ್ನು ಪೂರ್ತಿ ಬರೆಯಬೇಕು ಅಂತ ಅನ್ನಿಸಿದ್ದಕ್ಕೆ ಕಾರಣ ಇದೆ. ಇಂಥ ಚೀಲ ಹಿಡಿದು ಬರುವವರನ್ನು ಆಮೇಲೂ ನೋಡುತ್ತಲೇ ಇದ್ದೇನೆ. ಅವರಲ್ಲಿ ಎಷ್ಟೋ ಜನ ತಡವಾಗಿ ಬಂದಿರುತ್ತಾರೆ. ಗುರುತು ಸಿಗದ ಹಾಗೆ ಹೆಸರು, ಊರು ಬಿಟ್ಟಿದ್ದೇನೆ.

ಜಮೀನು ಮತ್ತು ಜಗಳ

ಜಮೀನು ಒಟ್ಟು 1 ಎಕರೆ 10 ಗುಂಟೆ, ಖುಷ್ಕಿ. ಅಜ್ಜಿಯ ಯಜಮಾನರು 1989ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡದ್ದು. ಅವರು ಬದುಕಿರುವವರೆಗೂ ಅಲ್ಲಿ ರಾಗಿ, ಅವರೆ ಬಿತ್ತುತ್ತಿದ್ದರು. 2003ರಲ್ಲಿ ತೀರಿಕೊಂಡರು. ಪೌತಿ ಖಾತೆ ಆಗಿ ಪಹಣಿಯಲ್ಲಿ ಅಜ್ಜಿಯ ಹೆಸರು ಬಂತು. ಮಕ್ಕಳ ಪೈಕಿ ಇದ್ದವಳು ಒಬ್ಬಳೇ ಮಗಳು. ಅಜ್ಜಿ ಆಕೆಯ ಮನೆಗೆ, ಪಟ್ಟಣಕ್ಕೆ ಹೋದರು. ಹೊಲ ಬೀಳುಬಿತ್ತು.

2005ರಲ್ಲಿ ಪಕ್ಕದ ಹೊಲದವರು ಬಂದು ಕೇಳಿದರು. "ಅಕ್ಕ, ಈ ಮೂಲೇಲಿ ಹುಲ್ಲಿನ ಬಣವೆ ಹಾಕ್ಕೋತೀನಿ." ಅಜ್ಜಿ "ಹಾಕ್ಕೊಳಪ್ಪ, ಸುಮ್ನೆ ಖಾಲಿ ಬಿದ್ದಿದೆ" ಅಂದರು. ಹಳ್ಳಿಯಲ್ಲಿ ಇದು ದಿನಾ ನಡೆಯುವ ಮಾತು. ಯಾರೂ ಬರೆದುಕೊಳ್ಳುವುದಿಲ್ಲ.

ಮೂರು ವರ್ಷ ಬಣವೆ ಅಲ್ಲೇ ಇತ್ತು. 2008ರ ಜೂನ್ 6ಕ್ಕೆ ಬದು ಒಡೆದು, ಬಾಂದು ಕಲ್ಲು ಕಿತ್ತು, 14 ಗುಂಟೆ ಒಳಗೆ ಸೇರುವ ಹಾಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ಕೊಳವೆಬಾವಿಯನ್ನೂ ಕೊರೆಸಿದರು. ಮಗಳು ಹೋಗಿ ಕೇಳಿದ್ದಕ್ಕೆ "ಇದು ನಮ್ಮ ತಾತನ ಕಾಲದಿಂದ ನಮ್ಮದೇ, ಈಗ ಹದ್ದು ಸರಿ ಮಾಡಿಕೊಂಡಿದೀವಿ" ಅಂದರಂತೆ. ಮೂರು ದಿನ ಬಿಟ್ಟು ಮಗಳು ಪೊಲೀಸರಿಗೆ ದೂರು ಕೊಟ್ಟಳು. ಠಾಣೆಯವರು "ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯಕ್ಕೆ ಹೋಗಿ" ಅಂತ ಹಿಂಬರಹ ಕೊಟ್ಟು ಕಳಿಸಿದರು.

ಅವತ್ತೇ ಯಾರಾದರೂ ಅವರಿಗೆ ಒಂದು ಮಾತು ಹೇಳಿದ್ದರೆ! ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಂ ಅಂತ ಒಂದಿದೆ. ನಿಮ್ಮ ಸ್ವಾಧೀನದಲ್ಲಿದ್ದ ಜಮೀನಿನಿಂದ ನಿಮ್ಮ ಒಪ್ಪಿಗೆ ಇಲ್ಲದೆ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳ ಒಳಗೆ ದಾವೆ ಹಾಕಬಹುದು. ಅಲ್ಲಿ ಮಾಲೀಕ ಯಾರು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಸ್ವಾಧೀನದಲ್ಲಿ ಇದ್ದಿರಾ, ಬಲವಂತವಾಗಿ ತೆಗೆದರಾ, ಇಷ್ಟೇ. ಆ ತೀರ್ಪಿನ ಮೇಲೆ ಅಪೀಲೂ ಇಲ್ಲ. ಸರ್ಕಾರದ ವಿರುದ್ಧ ಮಾತ್ರ ಈ ದಾರಿ ನಡೆಯುವುದಿಲ್ಲ. ಅಜ್ಜಿಗೆ ಆ ಬಾಗಿಲು 2008ರ ಡಿಸೆಂಬರಿಗೆ ಮುಚ್ಚಿತು. ಹಾಗೊಂದು ಬಾಗಿಲು ಇತ್ತು ಅಂತ ಅವರಿಗೆ ಗೊತ್ತಾಗಿದ್ದು ನನ್ನ ಹತ್ತಿರ ಬಂದ ಮೇಲೆ.

ಅಲೆದಾಟ

2009ರಲ್ಲಿ ಊರಿನ ಹಿರಿಯರು ಪಂಚಾಯ್ತಿ ಸೇರಿದರು. "ಅಳತೆ ಮಾಡಿಸೋಣ, ಯಾರಿಗೆ ಎಷ್ಟು ಬರುತ್ತೋ ಅಷ್ಟು" ಅಂತ ಎದುರಿನವರೂ ಬಾಯಲ್ಲಿ ಒಪ್ಪಿದರು. ಒಂದು ಹಾಳೆಯಲ್ಲಿ ಬರೆದರು. ಹಿರಿಯರ ಹೆಬ್ಬೆಟ್ಟು, ಸಹಿ ಎಲ್ಲ ಇದೆ. ಆದರೆ ಬೇಲಿ ಹಾಕಿದವರ ಸಹಿ ಇಲ್ಲ. ಆ ಹಾಳೆ ನೋಡಿದಾಗ ನನಗೆ ಹೊಟ್ಟೆ ಉರಿಯಿತು. ಕಾಲಮಿತಿ ಕಾಯ್ದೆಯ 18ನೇ ಕಲಂ ಪ್ರಕಾರ, ಇನ್ನೊಬ್ಬರಿಗೆ ಆಸ್ತಿಯಲ್ಲಿ ಹಕ್ಕಿದೆ ಅಂತ ಎದುರಿನವರು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಸಹಿ ಹಾಕಿದ ದಿನದಿಂದ ಅವಧಿ ಹೊಸದಾಗಿ ಶುರುವಾಗುತ್ತದೆ. ಅವಧಿ ಮುಗಿಯುವ ಮೊದಲೇ ಸಹಿ ಆಗಿರಬೇಕು, ಅಷ್ಟೇ. ಸರಿಯಾದ ಒಂದು ವಾಕ್ಯ, ಅದರ ಕೆಳಗೆ ಒಂದು ಸಹಿ ಬಿದ್ದಿದ್ದರೆ ಮುಂದಿನ ಆತಂಕ ಬಹಳಷ್ಟು ಕಡಿಮೆ ಆಗುತ್ತಿತ್ತು.

2011ರಲ್ಲಿ ಹದ್ದುಬಸ್ತಿಗೆ ಅರ್ಜಿ. 2012ರಲ್ಲಿ ಭೂಮಾಪಕರು ಬಂದು ಅಳೆದು, 14 ಗುಂಟೆ ಒತ್ತುವರಿ ಆಗಿದೆ ಅಂತ ನಕ್ಷೆ ಬರೆದುಕೊಟ್ಟರು. ಎದುರಿನವರು ಆ ನಕ್ಷೆ ಒಪ್ಪಲಿಲ್ಲ. ಆಮೇಲೆ ತಹಶೀಲ್ದಾರ್ ಕಚೇರಿ, ಅಲ್ಲಿಂದ ಉಪವಿಭಾಗಾಧಿಕಾರಿ. 2019ರ ಕೊನೆಯಲ್ಲಿ ಬಂದ ಆದೇಶದ ಸಾರ ಒಂದೇ ಸಾಲು. ಹಕ್ಕಿನ ವಿವಾದ, ಸಿವಿಲ್ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ. 2008ರಲ್ಲಿ ಪೊಲೀಸರು ಹೇಳಿದ್ದೂ ಅದನ್ನೇ ಅಲ್ವಾ?

ನಮ್ಮ ಜನ ಸುಮ್ಮನೆ ಕೂತಿರುವುದಿಲ್ಲ. ಅಲೆಯುತ್ತಾರೆ, ಅರ್ಜಿ ಕೊಡುತ್ತಾರೆ, ಖರ್ಚು ಮಾಡುತ್ತಾರೆ. "ಕೇಸ್ ನಡೀತಾ ಇದೆ" ಅಂತಲೇ ನಂಬಿರುತ್ತಾರೆ. ಆದರೆ ಸರ್ವೆ ಅರ್ಜಿ, ಪಹಣಿ ತಿದ್ದುಪಡಿ, ಪಂಚಾಯ್ತಿ, ವಕೀಲರ ನೋಟಿಸು, ಯಾವುದಕ್ಕೂ ಹನ್ನೆರಡು ವರ್ಷದ ಎಣಿಕೆಯನ್ನು ನಿಲ್ಲಿಸುವ ಶಕ್ತಿ ಇಲ್ಲ. ಸಿವಿಲ್ ಕೋರ್ಟಿನಲ್ಲಿ ದಾವೆ ಸಲ್ಲಿಸಿದ ದಿನ ಮಾತ್ರ ಅದು ನಿಲ್ಲುತ್ತದೆ. ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಬಿಟ್ಟು ಎಣಿಸಲು 14ನೇ ಕಲಂನಲ್ಲಿ ಅವಕಾಶ ಇದೆ, ನಿಜ. ಆದರೆ ಅದೇ ವಿಷಯ, ಅದೇ ಪರಿಹಾರ, ಅಧಿಕಾರ ಇಲ್ಲದ ಕೋರ್ಟು ಅಂತೆಲ್ಲ ತೋರಿಸಬೇಕು. ಅಳತೆಗೆ ಕೊಟ್ಟ ಅರ್ಜಿಯನ್ನು ಅದರೊಳಗೆ ತುರುಕುವುದು ಬಹಳ ಕಷ್ಟ. ನಾನು ಅದನ್ನು ನೆಚ್ಚಿಕೊಳ್ಳಲಿಲ್ಲ.

ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. "ತಡ ಆದರೆ ಏನಂತೆ, ಕಾರಣ ಕೊಟ್ಟು ಮನ್ನಾ ಮಾಡಿಸಿದರಾಯ್ತು" ಅನ್ನುವವರಿದ್ದಾರೆ. ವಿಳಂಬ ಮನ್ನಾ ಮಾಡುವ 5ನೇ ಕಲಂ ಇರುವುದು ಅಪೀಲಿಗೆ, ಕೆಲವು ಅರ್ಜಿಗಳಿಗೆ. ದಾವೆಗೆ ಅದು ಅನ್ವಯಿಸುವುದಿಲ್ಲ. ಒಂದು ದಿನ ದಾಟಿದರೂ ದಾಟಿದ ಹಾಗೆಯೇ. ಎದುರಿನವರು ಆಕ್ಷೇಪ ಎತ್ತದಿದ್ದರೂ 3ನೇ ಕಲಂ ಪ್ರಕಾರ ಕೋರ್ಟು ದಾವೆಯನ್ನು ವಜಾ ಮಾಡಲೇಬೇಕು.

ಹನ್ನೆರಡು ವರ್ಷ, ಎಲ್ಲಿಂದ?

ಭಾರತದ ಕಾಲಮಿತಿ ಕಾಯ್ದೆ 1963ರದು, ಜಾರಿಗೆ ಬಂದದ್ದು 1964ರ ಜನವರಿ 1ರಿಂದ. ಅದರ ಅನುಸೂಚಿಯಲ್ಲಿ ಜಮೀನಿಗೆ ಸಂಬಂಧಪಟ್ಟ ಎರಡು ಮುಖ್ಯ ವಿಧಿಗಳಿವೆ. 64ನೆಯದು, ಹಿಂದೆ ಸ್ವಾಧೀನದಲ್ಲಿದ್ದೆ ಅನ್ನುವ ಆಧಾರದ ಮೇಲೆ ಕೇಳುವವರಿಗೆ. ಸ್ವಾಧೀನ ಕಳೆದುಕೊಂಡ ದಿನದಿಂದ 12 ವರ್ಷ. 65ನೆಯದು, ನಾನೇ ಮಾಲೀಕ ಅಂತ ಹಕ್ಕಿನ ಆಧಾರದ ಮೇಲೆ ಕೇಳುವವರಿಗೆ. ಪ್ರತಿವಾದಿಯ ಸ್ವಾಧೀನ ಮಾಲೀಕರಿಗೆ ಪ್ರತಿಕೂಲ ಆದ ದಿನದಿಂದ 12 ವರ್ಷ. ಅಜ್ಜಿಯ ಹತ್ತಿರ ಕ್ರಯಪತ್ರ ಇದೆ. ಹಾಗಾಗಿ ಅವರಿಗೆ 65.

ಈ ವ್ಯತ್ಯಾಸ ಸಣ್ಣದಲ್ಲ. ಹಳೆಯ 1908ರ ಕಾಯ್ದೆಯಲ್ಲಿ ಸ್ವಾಧೀನ ಕಳೆದುಕೊಂಡೆ ಅಂತ ಬರುವ ಮಾಲೀಕರೂ, ಕಳೆದ ಹನ್ನೆರಡು ವರ್ಷದೊಳಗೆ ತಾವು ಸ್ವಾಧೀನದಲ್ಲಿ ಇದ್ದದ್ದನ್ನು ತಾವೇ ಸಾಬೀತು ಮಾಡಬೇಕಿತ್ತು. 1963ರಲ್ಲಿ ಅದು ತಿರುಗಿತು. ಮಾಲೀಕರು ತಮ್ಮ ಹಕ್ಕು ತೋರಿಸಿದರೆ ಸಾಕು. ನಾನು ಹನ್ನೆರಡು ವರ್ಷ ಪ್ರತಿಕೂಲವಾಗಿ ಸ್ವಾಧೀನದಲ್ಲಿದ್ದೆ ಅಂತ ತೋರಿಸುವ ಹೊರೆ ಒಳಗೆ ಕೂತವರ ಮೇಲೆ.

ಪ್ರತಿಕೂಲ ಅಂದರೆ ಏನು? ಸುಮ್ಮನೆ ಒಳಗಿರುವುದು ಸಾಲದು. ಮಾಲೀಕರ ಹಕ್ಕನ್ನು ಅಲ್ಲಗಳೆದು, ಎಲ್ಲರಿಗೂ ಕಾಣುವ ಹಾಗೆ, ಬಿಟ್ಟೂಬಿಡದೆ ಇಟ್ಟುಕೊಂಡಿರಬೇಕು. ಕೇಳಿ, ಒಪ್ಪಿಗೆ ಪಡೆದು ಬಂದವರ ಸ್ವಾಧೀನ ಎಷ್ಟು ವರ್ಷ ಆದರೂ ಪ್ರತಿಕೂಲ ಆಗುವುದಿಲ್ಲ. ಹಾಗಾಗಿ 2005ರ ಬಣವೆ ಲೆಕ್ಕಕ್ಕಿಲ್ಲ. ಅದು ಅಜ್ಜಿಯ ಒಪ್ಪಿಗೆ. ಎಣಿಕೆ ಶುರುವಾಗಿದ್ದು ಮುಳ್ಳುತಂತಿ ಎಳೆದು "ನಮ್ಮದೇ" ಅಂದ ದಿನದಿಂದ.

ಇನ್ನೊಂದು ಮಾತು. ಸಾಲದ ವಿಚಾರದಲ್ಲಿ ಅವಧಿ ಮುಗಿದರೆ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆ, ಸಾಲ ಸಾಲವಾಗಿಯೇ ಉಳಿಯುತ್ತದೆ. ಜಮೀನಿನಲ್ಲಿ ಹಾಗಲ್ಲ. 27ನೇ ಕಲಂ ಪ್ರಕಾರ ಅವಧಿ ಮುಗಿದರೆ ಮಾಲೀಕರ ಹಕ್ಕೇ ನಶಿಸುತ್ತದೆ. 2019ರ ಆಗಸ್ಟಿನಲ್ಲಿ ರವೀಂದರ್ ಕೌರ್ ಗ್ರೆವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹನ್ನೆರಡು ವರ್ಷ ಪೂರೈಸಿದವರು ತಾವೇ ವಾದಿಯಾಗಿ ದಾವೆ ಹಾಕಿ ಹಕ್ಕು ಕೇಳಬಹುದು ಅಂದಿತು. ಅಂದರೆ ಅಜ್ಜಿ ಇನ್ನೊಂದಿಷ್ಟು ಕಾಲ ಕಚೇರಿ ಸುತ್ತಿದ್ದರೆ, ಪ್ರತಿವಾದಿಯಾಗಿ ಕೋರ್ಟಿಗೆ ಬರಬೇಕಾದೀತು.

ಇದು ನ್ಯಾಯವೇ ಅಂತ ನೀವು ಕೇಳಬಹುದು. 2008ರ ಹೇಮಾಜಿ ವಾಘಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ಕಾನೂನಿನಲ್ಲಿ ವಿವೇಕವೂ ಇಲ್ಲ, ತರ್ಕವೂ ಇಲ್ಲ ಅನ್ನುವ ಅರ್ಥದ ಕಟುವಾದ ಮಾತು ಆಡಿದೆ. ಆದರೆ 2023ರಲ್ಲಿ 22ನೇ ಕಾನೂನು ಆಯೋಗ ತನ್ನ 280ನೇ ವರದಿಯಲ್ಲಿ ಬದಲಾವಣೆ ಬೇಡ ಅಂದಿತು. ನನ್ನ ಮನಸ್ಸು ಅಜ್ಜಿಯ ಕಡೆಗೇ ವಾಲುತ್ತದೆ. ಆದರೂ ಐವತ್ತು ವರ್ಷ ಹಿಂದಿನ ಜಗಳಕ್ಕೆ ಸಾಕ್ಷಿ ಎಲ್ಲಿಂದ ತರುವುದು ಅನ್ನುವ ಪ್ರಶ್ನೆಯೂ ಸಣ್ಣದಲ್ಲ. ಮಿತಿ ಬೇಕು. ಅದು ಇದೆ ಅಂತ ಜನರಿಗೆ ಗೊತ್ತಿರಬೇಕು.

ಲಾಕ್‌ಡೌನ್ ಕೊಟ್ಟ ಸಮಯ

2008ರ ಜೂನ್ 6ರಿಂದ ಎಣಿಸಿದರೆ 2020ರ ಜೂನ್ 6ಕ್ಕೆ ಕೊನೆ. ಫೆಬ್ರುವರಿಯಲ್ಲೇ ಕ್ರಯಪತ್ರದ ದೃಢೀಕೃತ ಪ್ರತಿ, ಇಸಿ (ಋಣಭಾರ ಪತ್ರ), ಹಳೆಯ ಪಹಣಿ, ಸರ್ವೆ ಟಿಪ್ಪಣಿಗೆ ಅರ್ಜಿ ಹಾಕಿದೆವು. ಮೂಲ ಕ್ರಯಪತ್ರ ಮನೆಯಲ್ಲಿ ಗೆದ್ದಲು ತಿಂದುಹೋಗಿತ್ತು. ಅಷ್ಟರಲ್ಲಿ ಕೊರೊನಾ ಬಂತು. ಕಚೇರಿಗಳು ಮುಚ್ಚಿದವು, ಕೋರ್ಟುಗಳೂ ಬಹುಮಟ್ಟಿಗೆ ನಿಂತವು.

2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು ತಾನಾಗಿಯೇ ಒಂದು ಆದೇಶ ಮಾಡಿ, ಮಾರ್ಚ್ 15ರಿಂದ ಎಲ್ಲ ಕಾಲಮಿತಿಗಳನ್ನೂ ವಿಸ್ತರಿಸಿತು. ಈ ಸರಣಿಯ ಕೊನೆಯ ಆದೇಶ ಬಂದದ್ದು 2022ರ ಜನವರಿ 10ಕ್ಕೆ. ಅದರ ಪ್ರಕಾರ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ದಿನಗಳನ್ನು ಬಿಟ್ಟು ಎಣಿಸಬೇಕು. ಆ ನಡುವೆ ಯಾರ ಅವಧಿ ಮುಗಿಯುತ್ತಿತ್ತೋ ಅವರಿಗೆ 2022ರ ಮಾರ್ಚ್ 1ರಿಂದ 90 ದಿನ. ಉಳಿದಿದ್ದ ಅವಧಿ ಅದಕ್ಕಿಂತ ಜಾಸ್ತಿ ಇದ್ದರೆ ಆ ಜಾಸ್ತಿ ಅವಧಿ. ಅಜ್ಜಿಗೆ ಮಾರ್ಚ್ 15ಕ್ಕೆ ಉಳಿದಿದ್ದದ್ದು 83 ದಿನ. ಹಾಗಾಗಿ 90 ದಿನ ಸಿಕ್ಕಿತು, ಮೇ ಕೊನೆಯವರೆಗೆ.

ನಾವು ದಾವೆ ಹಾಕಿದ್ದು 2022ರ ಏಪ್ರಿಲ್ 19ಕ್ಕೆ. ಅದಕ್ಕೂ ಮೊದಲೇ, ಕೋರ್ಟು ತೆರೆದಿದ್ದ ತಿಂಗಳುಗಳಲ್ಲಿ ಹಾಕಬಹುದಿತ್ತು. ಎರಡನೇ ಅಲೆಯಲ್ಲಿ ಅಜ್ಜಿಯ ಅಳಿಯ ತೀರಿಕೊಂಡರು, ಮನೆಯವರು ವರ್ಷವಿಡೀ ಚೇತರಿಸಿಕೊಳ್ಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅದು ನನ್ನ ತಪ್ಪು. ಕಡೆಯ ದಿನದವರೆಗೆ ಕಾಯುವ ವಿಷಯ ಇದಲ್ಲ.

ದಾವೆಯಲ್ಲಿ ಬರೀ ತಡೆಯಾಜ್ಞೆ ಕೇಳಲಿಲ್ಲ. ಜಮೀನು ಕಳೆದುಕೊಂಡವರು ಬೇಲಿ ಹಾಕಿದವರ ಮೇಲೆ ಬರೀ ಇಂಜಂಕ್ಷನ್ ಕೇಳಿದರೆ ಗಟ್ಟಿ ನಿಲ್ಲುವುದಿಲ್ಲ. ಹಕ್ಕಿನ ಬಗ್ಗೆ ವಿವಾದ ಇದ್ದು, ಸ್ವಾಧೀನವೂ ಕೈಯಲ್ಲಿ ಇಲ್ಲದಿದ್ದರೆ ಹಕ್ಕಿನ ಘೋಷಣೆ ಮತ್ತು ಸ್ವಾಧೀನ ಎರಡನ್ನೂ ಕೇಳಬೇಕು. 2008ರ ಅನಂತುಲ ಸುಧಾಕರ್ ತೀರ್ಪು ಇದನ್ನು ಬಿಡಿಸಿ ಹೇಳಿದೆ.

ಎದುರಿನವರ ವಾದ

ಲಿಖಿತ ಹೇಳಿಕೆಯಲ್ಲಿ ಮೂರು ಮಾತು ಇತ್ತು. ಒಂದು, 14 ಗುಂಟೆ ನಮ್ಮ ಪಿತ್ರಾರ್ಜಿತ. ಎರಡು, ಅದು ನಮ್ಮದಲ್ಲ ಅಂತಾದರೂ 1995ರಿಂದ ನಾವು ಸ್ವಾಧೀನದಲ್ಲಿದ್ದೇವೆ, ಪ್ರತಿಕೂಲ ಸ್ವಾಧೀನದಿಂದ ನಮ್ಮದಾಗಿದೆ. ಮೂರು, ಹಕ್ಕಿನ ಘೋಷಣೆಗೆ 58ನೇ ವಿಧಿಯಲ್ಲಿ ಮೂರೇ ವರ್ಷ, 2011ಕ್ಕೇ ಮುಗಿದಿದೆ.

ಮೂರನೆಯದು ಕೇಳಲು ಭಯ ಹುಟ್ಟಿಸುತ್ತದೆ. ಆದರೆ ಘೋಷಣೆಯ ಜೊತೆ ಸ್ವಾಧೀನವನ್ನೂ ಕೇಳಿದ್ದರೆ, ಮುಖ್ಯ ಪರಿಹಾರ ಸ್ವಾಧೀನ, ಅದಕ್ಕೆ 12 ವರ್ಷ. 2019ರ ಸೋಪಾನರಾವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೀಗೇ ಹೇಳಿದೆ. ಅಲ್ಲಿಗೆ ಆ ವಾದ ಮುಗಿಯಿತು.

ಮೊದಲೆರಡು ಒಂದಕ್ಕೊಂದು ಹೊಂದುವುದಿಲ್ಲ. ವಿಜಯಪುರದ ಒಂದು ಆಸ್ತಿಯ ಬಗ್ಗೆ ಕರ್ನಾಟಕ ವಕ್ಫ್ ಮಂಡಳಿ ಮತ್ತು ಭಾರತ ಸರ್ಕಾರದ ನಡುವೆ ನಡೆದ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿತು. ನಾನೇ ಮಾಲೀಕ ಅನ್ನುವ ಮಾತು ಬಿಡುವವರೆಗೂ ಪ್ರತಿಕೂಲ ಸ್ವಾಧೀನ ಶುರುವೇ ಆಗುವುದಿಲ್ಲ ಅಂದಿತು. ಅದನ್ನು ಹೇಳುವವರು ಏನೇನು ತೋರಿಸಬೇಕು ಅನ್ನುವುದೂ ಅದೇ ತೀರ್ಪಿನಲ್ಲಿದೆ. ಯಾವ ದಿನ ಸ್ವಾಧೀನಕ್ಕೆ ಬಂದಿರಿ, ಅದು ಯಾವ ರೀತಿಯ ಸ್ವಾಧೀನ, ಮಾಲೀಕರಿಗೆ ಗೊತ್ತಿತ್ತೇ, ಎಷ್ಟು ಕಾಲ ನಡೆಯಿತು, ಬಹಿರಂಗವಾಗಿ ಅಡೆತಡೆ ಇಲ್ಲದೆ ಇತ್ತೇ.

ಯಾವ ದಿನ? ಇಡೀ ಪ್ರಕರಣ ಅಲ್ಲಿ ಬಂದು ನಿಂತಿತು. 1995 ಆದರೆ ಅಜ್ಜಿಯ ಹಕ್ಕು 2007ಕ್ಕೇ ಹೋಗಿದೆ. 2008 ಆದರೆ ದಾವೆ ಅವಧಿಯೊಳಗಿದೆ.

ಅಜ್ಜಿಯ ಚೀಲದಲ್ಲಿದ್ದ ಪೊಲೀಸ್ ಹಿಂಬರಹ ಈಗ ಕೆಲಸಕ್ಕೆ ಬಂತು. ದಿನಾಂಕ 9-6-2008. ದೂರಿನಲ್ಲಿ "ಮೂರು ದಿನದ ಹಿಂದೆ ಬೇಲಿ ಹಾಕಿರುತ್ತಾರೆ" ಅಂತಿದೆ. ಪಹಣಿಯ ಸಾಗುವಳಿದಾರರ ಕಾಲಂನಲ್ಲಿ 2003ರವರೆಗೆ ಯಜಮಾನರ ಹೆಸರು, ಆಮೇಲೆ ಅಜ್ಜಿಯದು. ಪಹಣಿಯಿಂದ ಹಕ್ಕು ಹುಟ್ಟುವುದಿಲ್ಲ. ಆದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಪ್ರಕಾರ, ತಪ್ಪು ಅಂತ ಸಾಬೀತಾಗುವವರೆಗೆ ಅದರಲ್ಲಿರುವುದನ್ನು ನಿಜ ಅಂತಲೇ ಭಾವಿಸಬೇಕು. ಎದುರಿನವರು ತಮ್ಮ ಸ್ವಾಧೀನಕ್ಕೆ ದಾಖಲೆ ಅಂತ ಹಾಜರು ಮಾಡಿದ್ದು ಕೊಳವೆಬಾವಿಯ ವಿದ್ಯುತ್ ಮಂಜೂರಾತಿ ಪತ್ರ. ಅದರ ದಿನಾಂಕ 2008ರ ಜುಲೈ! ಅದಕ್ಕಿಂತ ಹಳೆಯದು ಒಂದೂ ಇರಲಿಲ್ಲ.

ಬೇಲಿ ಹಾಕಿದವರ ಪಾಟಿ ಸವಾಲಿನಲ್ಲಿ ನಾನು ಕೇಳಿದ್ದು ತೀರಾ ಸಾದಾ ಪ್ರಶ್ನೆ.

"ಅಜ್ಜಿಯ ಯಜಮಾನರು ಬದುಕಿದ್ದಾಗ ಆ ಮೂಲೆಯಲ್ಲಿ ಏನು ಬೆಳೆಯುತ್ತಿದ್ದರು?"

"ರಾಗಿ."

"ಯಾರು ಬಿತ್ತುತ್ತಿದ್ದರು?"

"ಅವರೇ. ಅವರು ಹೋದ ಮೇಲೆ ಬೀಳುಬಿತ್ತು."

ಕೋರ್ಟು ಹಾಲಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆ ಮನುಷ್ಯ ಕೆಟ್ಟವರಲ್ಲ. ಕೇಳಿದ್ದಕ್ಕೆ ನಿಜ ಹೇಳಿದರು. 1995ರ ಕತೆ ಅಲ್ಲಿಗೆ ಬಿದ್ದುಹೋಯಿತು.

ಕೋರ್ಟು ಕಮಿಷನರರನ್ನು ನೇಮಿಸಿ ಮತ್ತೆ ಅಳತೆ ಮಾಡಿಸಿತು. 2012ರ ನಕ್ಷೆಯಲ್ಲಿದ್ದ 14 ಗುಂಟೆಯೇ ಬಂತು. 2024ರ ನವೆಂಬರಿನಲ್ಲಿ ಡಿಕ್ರಿ ಆಯಿತು. ಹಕ್ಕು ಅಜ್ಜಿಯದು, ಮೂರು ತಿಂಗಳೊಳಗೆ ಬಿಟ್ಟುಕೊಡಬೇಕು. ಬಿಟ್ಟುಕೊಡಲಿಲ್ಲ, ಅಪೀಲು ಹಾಕಿದರು. ಅಲ್ಲಿ ತಡೆ ಸಿಗಲಿಲ್ಲ. ಡಿಕ್ರಿ ಜಾರಿಗೂ 136ನೇ ವಿಧಿಯಲ್ಲಿ 12 ವರ್ಷದ ಮಿತಿ ಇದೆ. ಗೆದ್ದ ಕಾಗದವನ್ನು ಬೀರುವಿನಲ್ಲಿ ಇಟ್ಟು ಮರೆತವರನ್ನೂ ನೋಡಿದ್ದೇನೆ. ನಾವು ಕಾಯಲಿಲ್ಲ. 2025ರ ಮಾರ್ಚಿನಲ್ಲೇ ಜಾರಿ ಅರ್ಜಿ ಹಾಕಿದೆವು. ಆಗಸ್ಟಿನಲ್ಲಿ ಕೋರ್ಟಿನ ಅಮೀನರು ಬಂದು, ಕಂಬ ಕೀಳಿಸಿ, ಸ್ವಾಧೀನ ಕೊಡಿಸಿದರು. ಅಪೀಲು ಇನ್ನೂ ನಡೆಯುತ್ತಿದೆ.

ಕೊಳವೆಬಾವಿ ಅಜ್ಜಿಯ ಕಡೆಗೆ ಬಂತು. ಪಕ್ಕದವರ ಹೊಲದಲ್ಲಿ ಟೊಮೆಟೊ ಕಾಯಿ ಕಟ್ಟಿ ನಿಂತಿತ್ತು. ಅವರ ಮಗ ಅವತ್ತು ಸಂಜೆ ಅಜ್ಜಿಯ ಹತ್ತಿರ ಬಂದು, "ದೊಡ್ಡಮ್ಮ, ಕೀಳೋವರೆಗೆ ನೀರು ಬಿಟ್ಟುಕೊಡಿ" ಅಂತ ಕೇಳಿದ. ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ಅವನಿಗೆ ಹೇಳಿದರು. "ತಗೊಳ್ಳಪ್ಪ, ಬೆಳೆ ಒಣಗಬಾರದು. ಆದರೆ ಒಂದು ಹಾಳೇಲಿ ಬರಿ. ನನ್ನ ನೀರು, ನನ್ನ ಒಪ್ಪಿಗೆ ಮೇಲೆ, ದೀಪಾವಳಿವರೆಗೆ ಅಂತ. ತಾರೀಖು ಹಾಕಿ, ನಿಮ್ಮಪ್ಪನ ಕೈಲಿ ಸಹಿ ಮಾಡಿಸ್ಕೊಂಡು ಬಾ."

ಮಾರನೆಯ ದಿನ ಬೆಳಗ್ಗೆ ಹಾಳೆ ಬಂತು. ಅಜ್ಜಿ ಅದನ್ನು ಮಡಚಿ ಅದೇ ಬಟ್ಟೆ ಚೀಲಕ್ಕೆ ಹಾಕಿಕೊಂಡರು.